ತೇರಿಗೆ ದಾರಿ ಬಿಡುವ ತಂತಿ



ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಸೀಮೆಯ ಊರುಗಳಲ್ಲಿ ತೇರು ಎಳೆಯುವ ದಿನ ತಪ್ಪದೆ ನಡೆಯುವ ಒಂದು ಕೆಲಸವಿದೆ. ಹೊತ್ತು ಇಳಿಯುವ ಮುಂಚೆಯೇ ಕರೆಂಟು ಕಂಪನಿ ಜೆಸ್ಕಾಂನ ಹುಡುಗರು ಬಂದು ಕಂಬ ಹತ್ತುತ್ತಾರೆ. ತೇರುಬೀದಿಗೆ ಅಡ್ಡ ಹಾಯ್ದ ತಂತಿಯಲ್ಲಿ ಕರೆಂಟು ನಿಲ್ಲಿಸುತ್ತಾರೆ. ಬೇಕಾದ ಕಡೆ ತಂತಿಯನ್ನೇ ಬಿಚ್ಚಿ ಇಳಿಸುತ್ತಾರೆ. ಕಳಸಕ್ಕೆ ಏನೂ ತಾಗದಂತೆ ತೇರು ಪಾದಗಟ್ಟೆ ಮುಟ್ಟಿ ತಿರುಗಿ ಬಂದು ನಿಂತ ಮೇಲೆ ತಂತಿ ಮತ್ತೆ ಮೇಲೇರುತ್ತದೆ, ಊರಿಗೆ ದೀಪ ಬರುತ್ತದೆ.

ದೇವರ ತೇರಿಗೆ ವರ್ಷಕ್ಕೊಮ್ಮೆ ತಂತಿ ಹೀಗೆ ದಾರಿ ಬಿಡುತ್ತದೆ. ನಾವು ಕಟ್ಟುವ ಮನೆಯೂ ಒಂದು ತೇರೇ, ನಿಂತಲ್ಲೇ ನಿಂತಿರುವ ತೇರು. ಅದಕ್ಕೆ ಮಾತ್ರ ತಂತಿ ಯಾವ ದಿನವೂ ದಾರಿ ಬಿಡುವುದಿಲ್ಲ. ಹೈಟೆನ್ಷನ್ ಲೈನಿನ ಪಕ್ಕದಲ್ಲಿ ಮನೆ ಕಟ್ಟಲು ಜಾಗ ಕೊಳ್ಳುವವರ ಜೊತೆ ಇವತ್ತು ನಾಲ್ಕು ಮಾತು ಆಡಬೇಕಾಗಿದೆ. ಕೊಂಡಾದ ಮೇಲೆ ಈ ಮಾತು ಕೇಳಿದರೆ ಪ್ರಯೋಜನ ಕಡಿಮೆ. ಸಂಚಕಾರ ಕೊಡುವ ಮುಂಚೆ ಕೇಳಿದರೆ ಒಂದು ಸಂಸಾರದ ಜೀವಮಾನದ ದುಡಿಮೆ ಉಳಿಯುತ್ತದೆ.

ನಮ್ಮ ಸಿರಿಗೇರಿ ಭತ್ತದ ಗದ್ದೆಗಳ ನಡುವಿನ ಊರು. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಎರೆ ಹೊಲಗಳು ಗದ್ದೆಗಳಾದವು. ಸಿರುಗುಪ್ಪದ ದಾರಿಯಲ್ಲಿ ಅಕ್ಕಿ ಗಿರಣಿಗಳು ಎದ್ದವು. ಊರು ಬೆಳೆಯಿತು, ಮನೆಗಳು ಸಾಲದಾದವು. ಈಗ ರಸ್ತೆಯ ಎರಡೂ ಮಗ್ಗುಲಿನ ಹೊಲಗಳಲ್ಲಿ ಬಿಳಿ ಬಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿರುವುದನ್ನು ನೀವೂ ನೋಡಿದ್ದೀರಿ. ಮೂವತ್ತು ನಲವತ್ತರ ಪ್ಲಾಟು, ಅಂದರೆ ನಮ್ಮ ಸೀಮೆಯ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡೂಮುಕ್ಕಾಲು ಸೆಂಟು. ಅದೇ ಬಯಲಿನ ಮೇಲೆ ಕಬ್ಬಿಣದ ದೊಡ್ಡ ಗೋಪುರಗಳು ತಂತಿ ಹೊತ್ತು ಸಾಗುತ್ತವೆ. ಲೈನಿನ ಅಡಿಯ ಪ್ಲಾಟಿಗೆ ಬೆಲೆ ಕಡಿಮೆ. ಕಡಿಮೆ ಬೆಲೆ ಬಡವರನ್ನು ಬೇಗ ಕರೆಯುತ್ತದೆ.

ನನ್ನ ಅಕ್ಕನ ಮಗನೂ ಹಾಗೆಯೇ ಕರೆಸಿಕೊಂಡವನು. ಒಂದು ಭಾನುವಾರ ಬೆಳಿಗ್ಗೆ ಗಾಡಿ ತಂದು, "ಮಾವ, ಒಂದು ಜಾಗ ನೋಡೀನಿ. ನೀನೂ ಬಂದು ಒಂದು ಸಲ ನೋಡಿಬಿಡು" ಅಂದ. ಹೋದೆ. ಜಾಗ ಚೆನ್ನಾಗಿತ್ತು. ಪೂರ್ವಕ್ಕೆ ಬಾಗಿಲು ಬರುತ್ತಿತ್ತು, ದಾರಿ ಅಗಲವಾಗಿತ್ತು, ನೀರಿನ ನಲ್ಲಿ ಹತ್ತಿರದಲ್ಲೇ ಇತ್ತು. "ಪಕ್ಕದ ಸಾಲಿಗಿಂತ ಅರ್ಧ ರೇಟು ಮಾವ" ಅಂತ ಹಿಗ್ಗಿನಿಂದ ಹೇಳಿದ. ನಾನು, "ಮೇಲೆ ನೋಡಿದಿ ಏನಪ್ಪಾ?" ಅಂದೆ. ಅವನು ತಲೆ ಎತ್ತಿ ನೋಡಿದ. "ಲೈನು ದೂರ ಐತಲ್ಲ, ನಮ್ಮ ಜಾಗದ ಮೇಲೆ ಹಾಯ್ದಿಲ್ಲ" ಅಂದ. ನಿಜ, ತಂತಿ ಅವನ ಜಾಗದ ಮೇಲೆ ಇರಲಿಲ್ಲ. ಆದರೂ ಆ ಜಾಗದ ಒಂದು ದೊಡ್ಡ ಪಾಲು ಮನೆ ಕಟ್ಟಲು ಅವನಿಗೆ ಸಿಗುವಂತಿರಲಿಲ್ಲ. ಅದು ಹೇಗೆ ಎಂಬುದೇ ಇವತ್ತಿನ ಮಾತಿನ ತಿರುಳು.

ಮೊದಲು ಈ ಲೈನುಗಳ ಪರಿಚಯ. ಕರ್ನಾಟಕಕ್ಕೆ ದೂರದ ವಿದ್ಯುತ್ ಮಾರ್ಗ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 147 ಕಿಲೋಮೀಟರ್ ದೂರ ತಂತಿ ಎಳೆದು ಕರೆಂಟು ಒಯ್ದರು. ಆ ಕಾಲಕ್ಕೆ ಅದು ಜಗತ್ತೇ ಬೆರಗಾಗಿ ನೋಡಿದ ಕೆಲಸ. ಇವತ್ತು ನಮ್ಮ ಬಳ್ಳಾರಿ ಜಿಲ್ಲೆಯ ಕುಡತಿನಿಯ ಶಾಖೋತ್ಪನ್ನ ಕೇಂದ್ರವೊಂದೇ 1,700 ಮೆಗಾವ್ಯಾಟ್ ಸಾಮರ್ಥ್ಯದ್ದು. ಪಕ್ಕದ ರಾಯಚೂರಿನಿಂದ ಸೊಲ್ಲಾಪುರಕ್ಕೆ 765 ಕಿಲೋವೋಲ್ಟಿನ ಮಾರ್ಗವಿದೆ. 2013ರ ಡಿಸೆಂಬರ್ ಕೊನೆಗೆ ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ದೇಶದ ಉಳಿದ ಜಾಲಕ್ಕೆ ಜೋಡಿಸಿದ್ದು ಅದೇ ಮಾರ್ಗ. ಗಾಳಿ, ಬಿಸಿಲುಗಳಿಂದ ಕರೆಂಟು ತೆಗೆಯುವ ಕೆಲಸ ನಮ್ಮ ಸುತ್ತ ಹೆಚ್ಚುತ್ತಿದೆ, ಹಾಗಾಗಿ ಲೈನುಗಳೂ ಹೆಚ್ಚುತ್ತವೆ. ಇವು ಬೇಕು. ನಮ್ಮ ಪಂಪ್‌ಸೆಟ್ಟು, ಗಿರಣಿ, ಮಕ್ಕಳ ಓದಿನ ದೀಪ ಎಲ್ಲವೂ ಇವುಗಳಿಂದಲೇ ನಡೆಯುತ್ತವೆ. ಲೈನನ್ನು ದೂರುವುದು ನನ್ನ ಉದ್ದೇಶವಲ್ಲ. ಲೈನಿಗೂ ಮನೆಗೂ ನಡುವೆ ಇರಬೇಕಾದ ಅಂತರದ ಮಾತು ನನ್ನದು.

ಲೈನುಗಳಲ್ಲಿ ಜಾತಿ ಬೇರೆ ಬೇರೆ. ಊರೊಳಗೆ ಟಿಸಿಯವರೆಗೆ, ಅಂದರೆ ಟ್ರಾನ್ಸ್‌ಫಾರ್ಮರ್‌ವರೆಗೆ ಬರುವುದು 11 ಕೆ.ವಿ., ಅಂದರೆ 11 ಸಾವಿರ ವೋಲ್ಟು. ಅದರ ಮೇಲೆ 33, 66, 110, 220, 400 ಕೆ.ವಿ. ಹೀಗೆ ಏರುತ್ತದೆ. ಸಣ್ಣ ಲೈನುಗಳನ್ನು ನೋಡಿಕೊಳ್ಳುವುದು ಜೆಸ್ಕಾಂ. 66 ಕೆ.ವಿ. ಮತ್ತು ಅದಕ್ಕಿಂತ ಮೇಲಿನವು ಹೆಚ್ಚಾಗಿ ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್‌ಗೆ ಸೇರಿದವು. ರಾಜ್ಯದಿಂದ ರಾಜ್ಯಕ್ಕೆ ಹೋಗುವ ದೊಡ್ಡ ಮಾರ್ಗಗಳಲ್ಲಿ ಪವರ್‌ಗ್ರಿಡ್ ಸಂಸ್ಥೆಯವೂ ಇವೆ.

ನೆಲದ ಮೇಲೆ ನಿಂತು ಲೈನಿನ ಜಾತಿ ಗುರುತಿಸಲು ಒಂದು ಉಪಾಯವಿದೆ. ಗೋಪುರದ ತೋಳಿನಿಂದ ತಂತಿಯನ್ನು ಹಿಡಿದು ತೂಗುವ ಪಿಂಗಾಣಿ ತಟ್ಟೆಗಳ ಸರವನ್ನು ನೋಡಿ. 33 ಕೆ.ವಿ. ಲೈನಿನಲ್ಲಿ ಸುಮಾರು ಮೂರು ತಟ್ಟೆ, 66ರಲ್ಲಿ ನಾಲ್ಕೈದು, 220ರಲ್ಲಿ ಹದಿಮೂರು ಹದಿನಾಲ್ಕು, 400ರಲ್ಲಿ ಇಪ್ಪತ್ತಕ್ಕೂ ಮೇಲೆ. ಈಚೆಗೆ ಪಿಂಗಾಣಿಯ ಬದಲು ಪಾಲಿಮರ್‌ನ ಉದ್ದನೆಯ ಕಡ್ಡಿಗಳು ಬಂದಿವೆ, ಅಲ್ಲಿ ಈ ಎಣಿಕೆ ನಡೆಯದು. ಆಗ ಗೋಪುರದ ಕಾಲಿಗೆ ಹಚ್ಚಿದ ಅಪಾಯದ ಫಲಕ ನೋಡಬೇಕು. ತಲೆಬುರುಡೆಯ ಚಿತ್ರದ ಜೊತೆ ಎಷ್ಟು ವೋಲ್ಟು ಎಂದು ಬರೆದಿರುತ್ತದೆ. ಪಕ್ಕದಲ್ಲೇ ಗೋಪುರದ ನಂಬರೂ ಇರುತ್ತದೆ. ಆ ಎರಡನ್ನೂ ಬರೆದುಕೊಳ್ಳಿ. ಮುಂದೆ ಕಚೇರಿಯಲ್ಲಿ ವಿಚಾರಿಸುವಾಗ ನಿಮ್ಮ ಮಾತಿಗೆ ಅದೇ ಆಧಾರ.

ಈಗ ಕಾಗದದ ಮಾತಿಗೆ ಬರೋಣ. ಜಾಗ ಕೊಳ್ಳುವಾಗ ನಾವು ಏನೆಲ್ಲ ನೋಡುತ್ತೇವೆ? ಪಹಣಿ, ಮುಟೇಶನ್, ಋಣಭಾರದ ಪತ್ರ, ಭೂ ಪರಿವರ್ತನೆಯ ಆದೇಶ, ಪಂಚಾಯಿತಿಯ ಇ-ಸ್ವತ್ತು ನಮೂನೆ. ಇವೆಲ್ಲ ಬೇಕೇ ಬೇಕು. ಆದರೆ ಇವುಗಳಲ್ಲಿ ಸಾಮಾನ್ಯವಾಗಿ ಲೈನಿನ ಸುಳಿವೇ ಇರುವುದಿಲ್ಲ. ಯಾಕೆಂದರೆ ಲೈನು ಎಳೆಯುವವರು ಭೂಮಿಯನ್ನು ಕೊಂಡುಕೊಳ್ಳುವುದಿಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮು 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆಯ ಅಧಿಕಾರಗಳನ್ನು ಲೈನು ಎಳೆಯುವವರಿಗೆ ಕೊಡಲು ಅವಕಾಶ ಮಾಡಿದೆ. ಆ ಹಳೆಯ ಕಾಯ್ದೆಯ 10ನೇ ಕಲಮಿನ ಪ್ರಕಾರ ಅವರಿಗೆ ಸಿಗುವುದು ಜಾಗವನ್ನು ಬಳಸುವ ಹಕ್ಕು ಮಾತ್ರ. ಒಡೆತನ ರೈತನದೇ. ಆದ್ದರಿಂದ ಪಹಣಿಯಲ್ಲಿ ರೈತನ ಹೆಸರು ಹಾಗೆಯೇ ಮುಂದುವರಿಯುತ್ತದೆ, ಸಾಲದ ಬಾಬತ್ತಿನಲ್ಲಿ ಏನೂ ಕಾಣುವುದಿಲ್ಲ, ಕ್ರಯಪತ್ರ ಸಲೀಸಾಗಿ ನೋಂದಣಿಯಾಗುತ್ತದೆ. ಕಾಗದವೆಲ್ಲ ಹಾಲಿನಷ್ಟು ಶುದ್ಧ, ತೊಡಕೆಲ್ಲ ತಲೆಯ ಮೇಲೆ. ನಮ್ಮ ಹಿರಿಯರು ಜಾಗ ಕೊಳ್ಳುವಾಗ ಮಣ್ಣು ಅಗೆದು ನೋಡುತ್ತಿದ್ದರು, ನೀರಿನ ಸೆಲೆ ನೋಡುತ್ತಿದ್ದರು. ಅವರ ಕಾಲಕ್ಕೆ ಅಷ್ಟು ಸಾಕಾಗಿತ್ತು. ನಮ್ಮ ಕಾಲಕ್ಕೆ ಆಕಾಶವನ್ನೂ ಓದಲು ಬರಬೇಕು.

ಹಾಗಾದರೆ ಎಷ್ಟು ದೂರ ಬಿಡಬೇಕು? ಇಲ್ಲಿ ಎರಡು ಅಳತೆಗಳಿವೆ, ಎರಡನ್ನೂ ಬೇರೆ ಬೇರೆಯಾಗಿ ತಿಳಿಯಬೇಕು.

ಮೊದಲನೆಯದು ಲೈನಿನ ಪಟ್ಟಿ. ಗೋಪುರದಿಂದ ಗೋಪುರಕ್ಕೆ ಲೈನು ಹಾದುಹೋಗುವ ಉದ್ದಕ್ಕೂ ಅದಕ್ಕೆಂದೇ ಬಿಡಬೇಕಾದ ಅಗಲ ಅದು. ಕಾರಿಡಾರ್ ಅನ್ನುತ್ತಾರೆ. 11 ಕೆ.ವಿ.ಗೆ 7 ಮೀಟರ್, 33ಕ್ಕೆ 15 ಮೀಟರ್, 66ಕ್ಕೆ 18 ಮೀಟರ್, 110ಕ್ಕೆ 22 ಮೀಟರ್, 220ಕ್ಕೆ 35 ಮೀಟರ್, 400ಕ್ಕೆ ಗೋಪುರದ ಬಗೆ ನೋಡಿ 46 ಅಥವಾ 52 ಮೀಟರ್. ಇದು ಎರಡೂ ಕಡೆ ಸೇರಿದ ಅಗಲ. ಲೈನಿನ ನಡುಮಧ್ಯದಿಂದ ಒಂದು ಕಡೆಗೆ ಇದರ ಅರ್ಧ. ಅಡಿಗಳಲ್ಲಿ ಹೇಳುವುದಾದರೆ, 66 ಕೆ.ವಿ. ಲೈನಿನ ನಡುವಿನಿಂದ ಸುಮಾರು 30 ಅಡಿ, 110ರಿಂದ 36 ಅಡಿ, 220ರಿಂದ 57 ಅಡಿ, 400ರಿಂದ 75ರಿಂದ 85 ಅಡಿ.

ಎರಡನೆಯದು ತಂತಿಗೂ ಕಟ್ಟಡಕ್ಕೂ ನಡುವಿನ ಕನಿಷ್ಠ ಅಂತರ. 1956ರ ಭಾರತೀಯ ವಿದ್ಯುತ್ ನಿಯಮಗಳ ಕಾಲದಿಂದ ಇದು ಇದೆ. ಮುಂದೆ 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳಾಗಿ ಮುಂದುವರಿಯಿತು. 11 ಕೆ.ವಿ. ತಂತಿ ಮನೆಯ ಪಕ್ಕದಲ್ಲಿ ಹಾಯ್ದರೆ ಗೋಡೆಯಿಂದ ಕನಿಷ್ಠ 1.2 ಮೀಟರ್, ಅಂದರೆ 4 ಅಡಿ ದೂರ ಇರಬೇಕು. ಮೇಲೆ ಹಾಯ್ದರೆ ಮಾಳಿಗೆಯಿಂದ 3.7 ಮೀಟರ್, ಅಂದರೆ 12 ಅಡಿ ಎತ್ತರ ಬೇಕು. 33 ಕೆ.ವಿ.ಗೆ ಪಕ್ಕದ ಅಂತರ 2 ಮೀಟರ್. ಅಲ್ಲಿಂದ ಮುಂದೆ ಪ್ರತಿ 33 ಕೆ.ವಿ.ಗೆ 30 ಸೆಂಟಿಮೀಟರ್ ಕೂಡಿಸುತ್ತ ಹೋಗಬೇಕು. ಹಾಗೆ ಕೂಡಿಸಿದರೆ 220 ಕೆ.ವಿ.ಗೆ ಪಕ್ಕಕ್ಕೆ 3.8 ಮೀಟರ್, ಮೇಲಕ್ಕೆ 5.5 ಮೀಟರ್ ಆಗುತ್ತದೆ.

ಈ ಎರಡನೆಯ ಅಳತೆ ಕೇಳಿ ಎಷ್ಟೋ ಜನ, "ಹನ್ನೆರಡು ಅಡಿ ಬಿಟ್ಟರೆ ಸಾಕಲ್ಲ" ಎಂದು ಮೋಸ ಹೋಗುತ್ತಾರೆ. ಆ ಅಂತರವನ್ನು ಅಳೆಯಬೇಕಾದದ್ದು ಬೆಳಗಿನ ತಂಪಿನಲ್ಲಿ ಸುಮ್ಮನೆ ನಿಂತ ತಂತಿಯಿಂದಲ್ಲ. ತಂತಿ ಅತಿ ಹೆಚ್ಚು ಜೋತು ಬಿದ್ದಾಗ, ಗಾಳಿಗೆ ಅತಿ ಹೆಚ್ಚು ತೂಗಿದಾಗ ಅದು ಎಲ್ಲಿಗೆ ಬರುತ್ತದೋ ಅಲ್ಲಿಂದ ಅಳೆಯಬೇಕು ಎಂದು ನಿಯಮವೇ ಹೇಳುತ್ತದೆ.

ಇದು ನಮ್ಮ ಬಳ್ಳಾರಿಯ ಬಿಸಿಲಿಗೆ ಬಹಳ ಸಲ್ಲುವ ಮಾತು. ಲೈನಿನ ತಂತಿಯ ಒಳಗೆ ಉಕ್ಕಿನ ಎಳೆ, ಅದರ ಸುತ್ತ ಅಲ್ಯೂಮಿನಿಯಂ ಎಳೆಗಳ ಹೊಸೆತ. ಲೋಹಕ್ಕೆ ಕಾವು ತಾಗಿದರೆ ಉದ್ದವಾಗುತ್ತದೆ. ಚೈತ್ರ ವೈಶಾಖದ ಮಧ್ಯಾಹ್ನ ಮೇಲಿನಿಂದ ಬಿಸಿಲು, ಒಳಗಿನಿಂದ ಕರೆಂಟಿನ ಕಾವು. ಎರಡೂ ಸೇರಿ ತಂತಿ ಜೋತು ಕೆಳಗಿಳಿಯುತ್ತದೆ. ಎರಡು ಗೋಪುರಗಳ ನಡುಮಧ್ಯದಲ್ಲಿ ಆ ಇಳಿತ ಎಲ್ಲಕ್ಕಿಂತ ಹೆಚ್ಚು. ನೀವು ಸಂಕ್ರಾಂತಿಯ ಚಳಿಯಲ್ಲಿ ನೋಡಿದ ಎತ್ತರ ಬೇಸಿಗೆಯ ಮೂರು ಗಂಟೆಗೆ ಇರುವುದಿಲ್ಲ. ಇನ್ನು ಆಷಾಢದ ಗಾಳಿ ಬೀಸಿದಾಗ ತಂತಿ ಉಯ್ಯಾಲೆಯಂತೆ ಪಕ್ಕಕ್ಕೆ ತೂಗುತ್ತದೆ. ಲೈನಿನ ಪಟ್ಟಿ ಅಷ್ಟು ಅಗಲ ಇರುವುದು ಈ ತೂಗಾಟಕ್ಕೂ ಜಾಗ ಬೇಕೆಂದೇ.

ನಮ್ಮ ನೆಲದ ಗುಣವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಗದ್ದೆಯ ಕೆಸರಿನಲ್ಲಿ ನೆಟ್ಟ 11 ಕೆ.ವಿ. ಕಂಬಗಳು ಕೆಲವು ವರ್ಷಗಳಲ್ಲಿ ವಾಲುವುದನ್ನು ನಾವೆಲ್ಲ ಕಂಡವರೇ. ಕಂಬ ವಾಲಿದರೆ ತಂತಿ ಸಡಿಲವಾಗುತ್ತದೆ, ಸಡಿಲವಾದರೆ ಇಳಿಯುತ್ತದೆ. ಅಳತೆ ಮಾಡುವಾಗ ಕಷ್ಟಪಟ್ಟು ನಾಲ್ಕು ಅಡಿ ಹೊಂದಿಸಿದವನ ಮನೆಗೆ ಆ ನಾಲ್ಕು ಅಡಿ ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಯೋಚಿಸಬೇಕು.

ನನ್ನ ಅಳಿಯನ ಜಾಗಕ್ಕೆ ಬರುತ್ತೇನೆ. ನಾವಿಬ್ಬರೂ ಗೋಪುರದ ಹತ್ತಿರ ಹೋಗಿ ತಟ್ಟೆ ಎಣಿಸಿದೆವು, ಫಲಕ ಓದಿದೆವು. 220 ಕೆ.ವಿ. ಲೈನು. ಟೇಪು ಹಿಡಿದು ಲೈನಿನ ನಡುವಿನಿಂದ ಅವನ ಪ್ಲಾಟಿನ ಮುಂದಿನ ಕಲ್ಲಿಗೆ ಅಳೆದೆವು. 40 ಅಡಿ. ಬಿಡಬೇಕಾದದ್ದು 57 ಅಡಿ. ಅಂದರೆ 40 ಅಡಿ ಉದ್ದದ ಪ್ಲಾಟಿನಲ್ಲಿ ಮುಂದಿನ 17 ಅಡಿ ಲೈನಿನ ಪಟ್ಟಿಯೊಳಗೇ ಇದೆ. 30 ಅಡಿ ಅಗಲಕ್ಕೆ 510 ಚದರ ಅಡಿ ಹೋಯಿತು. 1,200ರಲ್ಲಿ ಮನೆ ಕಟ್ಟಲು ಉಳಿದದ್ದು 690 ಚದರ ಅಡಿ. ಹಿಂದೆ ಮತ್ತು ಎರಡು ಪಕ್ಕಗಳಲ್ಲಿ ಗಾಳಿ ಬೆಳಕಿಗೆ ಜಾಗ ಬಿಟ್ಟರೆ ಒಂದು ಪಡಸಾಲೆ, ಒಂದು ಕೋಣೆ, ಒಂದು ಅಡುಗೆಮನೆ.

ಅರ್ಧ ರೇಟಿನ ಲೆಕ್ಕವನ್ನೂ ಅಲ್ಲೇ ಕಲ್ಲಿನ ಮೇಲೆ ಕೂತು ಮಾಡಿದೆವು. ಲೆಕ್ಕಕ್ಕೆ ಸುಲಭವಾಗಲೆಂದು ಪಕ್ಕದ ಸಾಲಿನಲ್ಲಿ ಚದರ ಅಡಿಗೆ 1,000 ರೂಪಾಯಿ ಎಂದಿಟ್ಟುಕೊಳ್ಳಿ. ಇಲ್ಲಿ 500. 1,200 ಚದರ ಅಡಿಗೆ 6 ಲಕ್ಷ. ಅದೇ 6 ಲಕ್ಷವನ್ನು ಬಳಕೆಗೆ ಬರುವ 690 ಚದರ ಅಡಿಗೆ ಹಂಚಿದರೆ ಚದರ ಅಡಿಗೆ 870 ರೂಪಾಯಿ ಬಿತ್ತು. ಅರ್ಧ ಬೆಲೆ ಎಂದುಕೊಂಡದ್ದು ಹೆಚ್ಚು ಕಡಿಮೆ ಪೂರ್ತಿ ಬೆಲೆಯೇ ಆಯಿತು. ಸಾಲಕ್ಕೆ ಹೋದರೆ ಬ್ಯಾಂಕಿನವರು ಲೈನು ಕಂಡು ಪ್ರಶ್ನೆ ಹಾಕುತ್ತಾರೆ. ನಾಳೆ ಕಷ್ಟಕಾಲದಲ್ಲಿ ಮಾರಲು ಹೊರಟರೆ ಕೊಳ್ಳುವವನು ಮತ್ತೆ ಅರ್ಧಕ್ಕೇ ಕೇಳುತ್ತಾನೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅಡ್ವಾನ್ಸ್ ಕೊಟ್ಟಿದ್ದಿಲ್ಲ, ಅದೇ ಪುಣ್ಯ ಮಾವ" ಅಂದ.

ಮನೆ ಎಂದರೆ ಗೋಡೆ ಮಾಳಿಗೆ ಅಷ್ಟೇ ಅಲ್ಲ, ಅಲ್ಲಿ ನಡೆಯುವ ಬದುಕು. ನಮ್ಮ ಕಡೆ ಬೇಸಿಗೆಯ ರಾತ್ರಿ ಮನೆಮಂದಿಯೆಲ್ಲ ಮಾಳಿಗೆಯ ಮೇಲೆ ಮಲಗುತ್ತೇವೆ. ಹಗಲು ಅಲ್ಲೇ ಮೆಣಸಿನಕಾಯಿ ಹರವುತ್ತೇವೆ, ಸಂಡಿಗೆ ಇಡುತ್ತೇವೆ, ಸೀರೆ ಒಣಹಾಕುತ್ತೇವೆ. ಮಕ್ಕಳು ಗಾಳಿಪಟ ಹಾರಿಸುತ್ತವೆ. ಮಗನ ಮದುವೆ ಹತ್ತಿರ ಬಂದಾಗ ಮೇಲೆ ಎರಡು ಕೋಣೆ ಎಬ್ಬಿಸುತ್ತೇವೆ. ಒಂದು ಅಂತಸ್ತಿಗೆ ಸರಿ ಇದ್ದ ಅಂತರ ಎರಡನೆಯ ಅಂತಸ್ತಿಗೆ ಉಳಿಯುವುದಿಲ್ಲ. ಎಷ್ಟೋ ದುರಂತಗಳು ಆಗುವುದೇ ಆಗ. ಮೇಲಂತಸ್ತಿಗೆ ಕಬ್ಬಿಣದ ಸರಳು ಎತ್ತಿ ಕೊಡುವಾಗ ಇಪ್ಪತ್ತು ಮೂವತ್ತು ಅಡಿ ಉದ್ದದ ಸರಳು ತೂಗಾಡಿ ತಂತಿಯ ಕಡೆ ವಾಲುತ್ತದೆ. ಕೆಳಗೆ ಹಿಡಿದವನು ಗೌಂಡಿಯ ಕೂಲಿಯವನು. ಮನೆ ಯಾರದೋ, ಜೀವ ಅವನದು.

ದೊಡ್ಡ ವೋಲ್ಟೇಜಿಗೆ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ. ಹತ್ತಿರ ಬಂದರೆ ಸಾಕು, ಗಾಳಿಯನ್ನು ಹಾಯ್ದು ಕರೆಂಟು ಜಿಗಿಯುತ್ತದೆ. 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ನಂದಿನಿ ಬಡಾವಣೆಯ ಕಡೆ ಮನೆಯ ಮಹಡಿಯ ಮೇಲೆ ನಿಂತ ಇಬ್ಬರು ಬಾಲಕರು ಹೈಟೆನ್ಷನ್ ತಂತಿಯ ಹತ್ತಿರದ ಪಾರಿವಾಳಕ್ಕೆಂದು ಕಬ್ಬಿಣದ ಸರಳು ಚಾಚಿ ತೀವ್ರವಾಗಿ ಸುಟ್ಟುಹೋದರು. 2024ರ ಜನವರಿಯಲ್ಲಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ನಟರೊಬ್ಬರ ಹುಟ್ಟುಹಬ್ಬಕ್ಕೆ ಕಟೌಟು ನಿಲ್ಲಿಸುವಾಗ ಅದು ತಂತಿಗೆ ತಾಗಿ ಮೂವರು ಯುವಕರು ತೀರಿಹೋದರು. ನಮ್ಮ ಗದ್ದೆ ಬಯಲಿನಲ್ಲಿ ಭತ್ತದ ಹುಲ್ಲು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ಲೈನಿಗೆ ತಾಗಿ ಹೊತ್ತಿ ಉರಿಯುವುದು ನಾವು ಕಾಣದ ಸಂಗತಿಯಲ್ಲ. ಲೈನಿನ ಅಡಿಯ ಮನೆಯವರಿಗೆ ಈ ಎಚ್ಚರ ಒಂದು ದಿನದ್ದಲ್ಲ. ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ, ಮಕ್ಕಳಿಂದ ಮೊಮ್ಮಕ್ಕಳವರೆಗೆ ಇರಬೇಕಾದ ಎಚ್ಚರ.

ಇನ್ನು ಜನ ಹೆಚ್ಚು ಕೇಳುವ ಪ್ರಶ್ನೆ: ಲೈನಿನ ಹತ್ತಿರ ಇದ್ದರೆ ಕ್ಯಾನ್ಸರ್ ಬರುತ್ತದೆಯೇ? ಈ ವಿಷಯದಲ್ಲಿ ಹೆದರಿಸುವುದೂ ತಪ್ಪು, ತಳ್ಳಿಹಾಕುವುದೂ ತಪ್ಪು. ಕರೆಂಟು ಹರಿಯುವ ತಂತಿಯ ಸುತ್ತ ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಎಂಬ ಎರಡು ಇರುತ್ತವೆ. ವಿದ್ಯುತ್ ಕ್ಷೇತ್ರವನ್ನು ಗೋಡೆ, ಮರ ಬಹಳಮಟ್ಟಿಗೆ ತಡೆಯುತ್ತವೆ. ಕಾಂತಕ್ಷೇತ್ರವನ್ನು ಗೋಡೆ ತಡೆಯುವುದಿಲ್ಲ, ದೂರ ಮಾತ್ರ ತಗ್ಗಿಸುತ್ತದೆ. ಇದು ಎಕ್ಸ್-ರೇ ತರಹದ ವಿಕಿರಣವಲ್ಲ, ಮೊಬೈಲ್ ಗೋಪುರದ ತರಂಗವೂ ಅಲ್ಲ. 1979ರಲ್ಲಿ ಅಮೆರಿಕದ ಡೆನ್ವರ್ ನಗರದ ಒಂದು ಅಧ್ಯಯನ ಮೊದಲ ಸಲ ಲೈನುಗಳಿಗೂ ಮಕ್ಕಳ ರಕ್ತದ ಕ್ಯಾನ್ಸರಿಗೂ ಸಂಬಂಧವಿರಬಹುದೇ ಎಂಬ ಪ್ರಶ್ನೆ ಎತ್ತಿತು. ಆಮೇಲೆ ಬಹಳ ದೇಶಗಳಲ್ಲಿ ಅಧ್ಯಯನ ನಡೆಯಿತು. ಮನೆಯೊಳಗಿನ ಕಾಂತಕ್ಷೇತ್ರ ಸರಾಸರಿ 0.3ರಿಂದ 0.4 ಮೈಕ್ರೋಟೆಸ್ಲಾಕ್ಕಿಂತ ಹೆಚ್ಚಿದ್ದ ಕಡೆ ಈ ಕಾಯಿಲೆ ಸ್ವಲ್ಪ ಹೆಚ್ಚು ಕಂಡಿತು. ಕಾಂತಕ್ಷೇತ್ರವೇ ಕಾರಣ ಎಂದು ಸಿದ್ಧವಾಗಲಿಲ್ಲ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು "ಕ್ಯಾನ್ಸರ್ ತರಬಹುದಾದ ಸಾಧ್ಯತೆ ಇರುವವು" ಎಂಬ 2ಬಿ ಗುಂಪಿಗೆ ಸೇರಿಸಿತು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಲ್ಲವನ್ನೂ ಮತ್ತೆ ಪರಿಶೀಲಿಸಿದಾಗಲೂ ಅನುಮಾನ ಪುರಾವೆಯಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುವಂತೆ, ದೊಡ್ಡ ಲೈನಿನ ನೇರ ಕೆಳಗೆ ಕಾಂತಕ್ಷೇತ್ರ 20 ಮೈಕ್ರೋಟೆಸ್ಲಾದವರೆಗೆ ಇರಬಹುದು. ಅಂತರರಾಷ್ಟ್ರೀಯ ಮಾರ್ಗಸೂಚಿ 1998ರಲ್ಲಿ ಜನಸಾಮಾನ್ಯರಿಗೆ ಇಟ್ಟ ಮಿತಿ 100 ಮೈಕ್ರೋಟೆಸ್ಲಾ, 2010ರಲ್ಲಿ ಅದನ್ನು 200 ಮಾಡಿದರು. ಲೈನಿನಿಂದ 50ರಿಂದ 100 ಮೀಟರ್ ದೂರ ಹೋದರೆ ಕ್ಷೇತ್ರ ಸಾಮಾನ್ಯವಾಗಿ ಲೈನೇ ಇಲ್ಲದ ಊರಿನ ಮಟ್ಟಕ್ಕೆ ಇಳಿಯುತ್ತದೆ. ಇದರಿಂದ ನಾನು ತಿಳಿದುಕೊಂಡದ್ದು ಇಷ್ಟು. ಲೈನಿನ ಹತ್ತಿರ ಈಗಾಗಲೇ ಮನೆ ಇರುವವರು ಕಾಯಿಲೆಯ ಭಯದಿಂದ ನಿದ್ದೆಗೆಡಬೇಕಾಗಿಲ್ಲ. ಹೊಸದಾಗಿ ಕೊಳ್ಳುವವರಿಗೆ ಆಯ್ಕೆ ಕೈಯಲ್ಲಿದೆ. ಕೈಯಲ್ಲಿ ಆಯ್ಕೆ ಇರುವಾಗ ಇನ್ನೂ ನಾಲ್ಕು ಹೆಜ್ಜೆ ದೂರ ಹೋಗುವುದು ವಿವೇಕ.

ಇಲ್ಲಿ ಜಾಗ ಮಾರುವ ರೈತನ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅವನೂ ನೊಂದವನೇ. ಹೊಲದ ಮೇಲೆ ಲೈನು ಹಾಯ್ದ ದಿನವೇ ಹೊಲದ ಬೆಲೆ ಇಳಿಯಿತು. 2007ರಲ್ಲಿ ಕೇರಳದ ವಿದ್ಯುತ್ ಮಂಡಳಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪರಿಹಾರ ನಿರ್ಧರಿಸುವಾಗ ಭೂಮಿ ಎಲ್ಲಿದೆ, ಲೈನಿನಿಂದ ಎಷ್ಟು ದೂರ, ಎಷ್ಟು ಜಾಗಕ್ಕೆ ಪೆಟ್ಟು ಬಿದ್ದಿದೆ ಎಂಬುದನ್ನೆಲ್ಲ ನೋಡಬೇಕು ಎಂದಿತು. 2015ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಸಚಿವಾಲಯ 66 ಕೆ.ವಿ. ಮತ್ತು ಮೇಲಿನ ಲೈನುಗಳಿಗೆ ಮಾರ್ಗಸೂಚಿ ತಂದು, ಗೋಪುರ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇ. 85, ತಂತಿಯ ಕೆಳಗಿನ ಪಟ್ಟಿಗೆ ಗರಿಷ್ಠ ಶೇ. 15 ಎಂದಿತು. 2024ರ ಜೂನ್‌ನ ಮಾರ್ಗಸೂಚಿ ಅದನ್ನು ಗೋಪುರದ ಜಾಗಕ್ಕೆ ಶೇ. 200, ಪಟ್ಟಿಗೆ ಶೇ. 30 ಎಂದು ಏರಿಸಿತು. ಹೊಲದ ಮೇಲೆ ಹೊಸ ಲೈನು ಬರುತ್ತಿರುವ ರೈತರು ಈ ಪರಿಹಾರವನ್ನು ಬಿಡದೆ ಕೇಳಬೇಕು, ಜಿಲ್ಲಾಧಿಕಾರಿಗಳವರೆಗೆ ಹೋಗಿ ಕೇಳಬೇಕು. ಲೈನಿನಿಂದ ಆದ ನಷ್ಟವನ್ನು ತುಂಬಬೇಕಾದವರು ಲೈನು ಎಳೆದವರು. ಆ ನಷ್ಟವನ್ನು ಪ್ಲಾಟು ಕೊಳ್ಳುವ ಬಡವನ ತಲೆಗೆ ದಾಟಿಸುವುದು ನ್ಯಾಯವಲ್ಲ. ಗದ್ದೆಯಾಗಿ ಆ ಪಟ್ಟಿ ಚೆನ್ನಾಗಿಯೇ ಬೆಳೆಯುತ್ತದೆ. ಗದ್ದೆಯಾಗಿಯೇ ಇರಲಿ.

ಈಗ ಜಾಗ ಕೊಳ್ಳುವವರು ಮಾಡಬೇಕಾದದ್ದನ್ನು ಒಂದೊಂದಾಗಿ ಹೇಳುತ್ತೇನೆ.

ದಲ್ಲಾಳಿಯ ಜೊತೆಗಲ್ಲದೆ ಮನೆಯವರ ಜೊತೆ ಇನ್ನೊಮ್ಮೆ ಜಾಗಕ್ಕೆ ಹೋಗಿ. ನಡು ಮಧ್ಯಾಹ್ನ ಹೋಗಿ. ಯಾವ ಲೈನು ಎಂದು ಗುರುತಿಸಿ, ಗೋಪುರದ ನಂಬರು ಬರೆದುಕೊಳ್ಳಿ. ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ತೆರೆದು, ನೀವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತಾಳೆ ನೋಡಿ. ಲೈನಿನ ನಡುವಿನಿಂದ ಜಾಗದ ಹತ್ತಿರದ ಕಲ್ಲಿಗೆ ನೆಲದ ಮೇಲೆ ಟೇಪು ಹಿಡಿದು ಅಳೆಯಿರಿ. ತಂತಿಯ ಎತ್ತರ ಅಳೆಯಲು ಕೋಲು, ಕೊಳವೆ ಯಾವುದನ್ನೂ ಎತ್ತಬೇಡಿ. ಅದು ಇಲಾಖೆಯವರ ಉಪಕರಣದ ಕೆಲಸ.

ಆಮೇಲೆ ಬರವಣಿಗೆಯಲ್ಲಿ ವಿಚಾರಿಸಿ. ಸಣ್ಣ ಲೈನಾದರೆ ಜೆಸ್ಕಾಂ ಶಾಖಾಧಿಕಾರಿಗಳಿಗೆ, ದೊಡ್ಡದಾದರೆ ಕೆಪಿಟಿಸಿಎಲ್ ಕಚೇರಿಗೆ ಅರ್ಜಿ ಕೊಡಿ. ಗೋಪುರದ ನಂಬರು, ಸರ್ವೆ ನಂಬರು ಎರಡನ್ನೂ ನಮೂದಿಸಿ, ಇಲ್ಲಿ ಮನೆ ಕಟ್ಟಲು ಎಷ್ಟು ಅಂತರ ಬೇಕೆಂದು ಕೇಳಿ. ಹೊಸ ಲೈನು ಬರುವುದಿದೆಯೇ ಎಂದೂ ಕೇಳಿ. ಹೊಸ ಲೈನಿಗೆ ಕರೆಂಟು ಹರಿಸುವ ಮುಂಚೆ ಊರುಗಳ ಹೆಸರು ಸಹಿತ ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಅದನ್ನು ಓದುವ ರೂಢಿ ಇಟ್ಟುಕೊಳ್ಳಿ. ಈಗಾಗಲೇ ಲೈನಿರುವ ಕಡೆ ಹೊಸ ಕಟ್ಟಡ ಕಟ್ಟುವವರು ಅಥವಾ ಇದ್ದ ಕಟ್ಟಡ ಎತ್ತರಿಸುವವರು ಅಳತೆಯ ನಕ್ಷೆ ಸಹಿತ ವಿದ್ಯುತ್ ಕಂಪನಿಗೂ ವಿದ್ಯುತ್ ಪರಿವೀಕ್ಷಕರಿಗೂ ಮೊದಲೇ ಬರೆದು ತಿಳಿಸಬೇಕೆಂದು ನಿಯಮವೇ ಇದೆ. "ಆಮೇಲೆ ಲೈನು ಸರಿಸಿಕೊಡ್ತಾರೆ ಬಿಡ್ರಿ" ಎನ್ನುವ ಮಾತನ್ನು ನಂಬಬೇಡಿ. ನಿಮಗಾಗಿ ಲೈನು ಸರಿಸಬೇಕಾದರೆ ಖರ್ಚು ನಿಮ್ಮದು. ಊರೊಳಗಿನ 11 ಕೆ.ವಿ. ಲೈನನ್ನು ಹಾಗೆ ಸರಿಸಬಹುದು. ದೊಡ್ಡ ಗೋಪುರದ ಲೈನನ್ನು ಸರಿಸುವುದು ಒಂದು ಸಂಸಾರದ ಕೈಗೆ ನಿಲುಕುವ ಮಾತಲ್ಲ.

ಈಗಾಗಲೇ ಲೈನಿನ ಹತ್ತಿರ ಮನೆ ಇರುವವರು ದಯವಿಟ್ಟು ಮೇಲಂತಸ್ತು ಎಬ್ಬಿಸಬೇಡಿ. ತಗಡಿನ ಮಾಡು, ತಂತಿ ಬೇಲಿ ಇದ್ದರೆ ತಿಳಿದವರಿಂದ ಅರ್ಥಿಂಗ್ ಮಾಡಿಸಿ. ದೊಡ್ಡ ಲೈನಿನ ಅಡಿ ಅವುಗಳಲ್ಲಿ ಝುಮ್ಮೆನ್ನುವ ಕರೆಂಟು ಸೇರುತ್ತದೆ. ಮಳೆಗಾಲದಲ್ಲಿ ಲೈನು ಗುಯ್ಗುಡುವುದು ಸಾಮಾನ್ಯ, ಅದಕ್ಕೆ ಹೆದರಬೇಡಿ. ಕಂಬ ವಾಲಿದರೆ, ತಂತಿ ಜೋತರೆ 1912ಕ್ಕೆ ಫೋನು ಮಾಡಿ ದೂರಿನ ನಂಬರು ಬರೆದಿಟ್ಟುಕೊಳ್ಳಿ. ತಂತಿ ಹರಿದು ಬಿದ್ದರೆ ಹತ್ತಿರ ಹೋಗಬೇಡಿ, ಯಾರನ್ನೂ ಬಿಡಬೇಡಿ. ಒದ್ದೆ ನೆಲದಲ್ಲಿ ತಂತಿಯಿಂದ ದೂರಕ್ಕೂ ಕರೆಂಟು ಹರಿಯುತ್ತದೆ. ಹತ್ತಿರ ಸಿಕ್ಕಿಕೊಂಡವರು ದಾಪುಗಾಲು ಹಾಕದೆ, ಪಾದಕ್ಕೆ ಪಾದ ಸೇರಿಸಿ ಸಣ್ಣ ಸಣ್ಣದಾಗಿ ಸರಿದು ಬರಬೇಕು. ಹೈಟೆನ್ಷನ್ ತಂತಿಯನ್ನು ಒಣ ಕೋಲಿನಿಂದ ಸರಿಸುವ ಸಾಹಸವೂ ಬೇಡ. ಕರೆಂಟು ನಿಂತಿದೆ ಎಂದು ಖಾತ್ರಿಯಾಗುವವರೆಗೆ ಕಾಯಲೇಬೇಕು.

ಪಂಚಾಯಿತಿಯ ಸದಸ್ಯರಲ್ಲಿ, ಅಭಿವೃದ್ಧಿ ಅಧಿಕಾರಿಗಳಲ್ಲಿ ಒಂದು ವಿನಂತಿ. ನಿಮ್ಮ ಊರಿನ ಮೇಲೆ ಹಾಯುವ ದೊಡ್ಡ ಲೈನುಗಳು ಯಾವುವು, ಯಾವ ಸರ್ವೆ ನಂಬರುಗಳ ಮೇಲೆ ಹಾಯುತ್ತವೆ, ಎಷ್ಟು ಅಡಿ ಬಿಡಬೇಕು ಎಂದು ಒಂದು ನಕ್ಷೆ ಬರೆಸಿ ಪಂಚಾಯಿತಿಯ ಗೋಡೆಗೆ ಹಚ್ಚಿ. ಗ್ರಾಮಸಭೆಯಲ್ಲಿ ಅದನ್ನು ಓದಿ ಹೇಳಿ. ಪಹಣಿ ಹೇಳದ್ದನ್ನು ಆ ಗೋಡೆ ಹೇಳಲಿ. ಖರ್ಚು ಒಂದು ಡಬ್ಬಿ ಬಣ್ಣದ್ದು, ಉಳಿಯುವುದು ಎಷ್ಟೋ ಮನೆಗಳ ನೆಮ್ಮದಿ.

ನನ್ನ ಅಳಿಯ ಆರು ತಿಂಗಳ ನಂತರ ಊರಿನ ಇನ್ನೊಂದು ಮಗ್ಗುಲಲ್ಲಿ ಜಾಗ ಕೊಂಡ. ಪೂರ್ತಿ ಬೆಲೆ ಕೊಟ್ಟ, ಹಾಗಾಗಿ ಮೂವತ್ತು ನಲವತ್ತರ ಬದಲು ಇಪ್ಪತ್ತು ಮೂವತ್ತಕ್ಕೆ ತೃಪ್ತನಾದ. ಮನೆ ಸಣ್ಣದು. ಈ ಬೇಸಿಗೆಯಲ್ಲಿ ಅವನ ಮನೆಯ ಮಾಳಿಗೆಯ ಮೇಲೆ ಮಲಗಿದ್ದೆ. ಪಕ್ಕದಲ್ಲಿ ಅವನ ಮಕ್ಕಳು ಮಲಗಿದ್ದವು. ಮೇಲೆ ಚುಕ್ಕಿಗಳು ಬಿಟ್ಟರೆ ಏನೂ ಇರಲಿಲ್ಲ.

ಜಾಗಕ್ಕೆ ಸಂಚಕಾರ ಕೊಡುವ ಮುಂಚೆ ಒಂದು ಸಲ ತಲೆ ಎತ್ತಿ ನೋಡಿ, ಒಂದು ಸಲ ಟೇಪು ಹಿಡಿದು ಅಳೆಯಿರಿ. ಇಷ್ಟನ್ನು ಇವತ್ತು ಕೇಳಿದ ನೀವು, ಕೇಳದ ನಿಮ್ಮ ನೆರೆಯವರಿಗೂ ಹೇಳಿ.